ಕಂಡಕ್ಟರ್ ಮೇಷ್ಟ್ರು

ಐಟಿಯಲ್ಲಿ ದುಡಿಯುವವರಿಗೆಲ್ಲ ಈ ‘ಲರ್ನಿಂಗ್ ಅವರ್ಸ್’ ಅನ್ನೋ ಪ್ರಾಣಿಯ ಪರಿಚಯ ಇದ್ದೇ ಇರುತ್ತೆ. ವರ್ಷಕ್ಕೆ ಇಂತಿಷ್ಟು ಗಂಟೆ ಕಲೀಬೇಕು. ಇಲ್ಲದಿದ್ದರೆ ಅಪ್ರೈಸಲ್ ಹೊತ್ತಿಗೆ ಮ್ಯಾನೇಜರ್ ಮುಖ ಊದಿಸಿಕೊಳ್ಳುತ್ತಾರೆ. ವಿಡಿಯೋ ಒಂದು ಕಿಟಕಿಯಲ್ಲಿ ಓಡ್ತಾ ಇರುತ್ತೆ, ಕ್ರಿಕೆಟ್ ಸ್ಕೋರು ಇನ್ನೊಂದರಲ್ಲಿ. ಕೊನೆಗೆ ಹತ್ತು ಪ್ರಶ್ನೆ ಒತ್ತಿದರೆ ಸರ್ಟಿಫಿಕೇಟು. ಏನು ಕಲಿಯಬೇಕು ಅಂತ ಯಾರೂ ನಮ್ಮನ್ನು ಕೇಳಲ್ಲ, ನಾವೂ ಹೇಳಲ್ಲ.

ಒಂದು ಭಾನುವಾರ ಇದನ್ನೇ ಮನೆಯಲ್ಲಿ ತಮಾಷೆಯಾಗಿ ಹೇಳ್ತಿದ್ದೆ. ವಿಜಯನಗರದ ನಮ್ಮ ಮನೆಯ ವರಾಂಡದಲ್ಲಿ ಪೇಪರ್ ಓದ್ತಾ ಕೂತಿದ್ದ ತಾತ ಕನ್ನಡಕ ಕೆಳಗಿಳಿಸಿ, “ನಂಗೂ ಒಂದು ಸಲ ಕಳ್ಸಿದ್ರು ಕಣಪ್ಪ. ಮೂರು ತಿಂಗಳು. ಡ್ಯೂಟಿ ಇಲ್ಲ, ಸಂಬಳ ಮಾತ್ರ ಪೂರ್ತಿ” ಅಂದರು. ತಾತ ಬಿಟಿಎಸ್ ಕಂಡಕ್ಟರ್ ಆಗಿದ್ದವರು. ಅವರನ್ನು ಕಂಡರೆ ಹಳೇ ಡ್ರೈವರುಗಳು ಈಗಲೂ “ಮೇಷ್ಟ್ರೇ” ಅಂತಾರೆ. ಆ ಹೆಸರು ಯಾಕೆ ಬಂತು ಅಂತ ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಅವರ ಮಾತು ಹಿಡಿದು ಹೋದರೆ ಒಂದು ದೊಡ್ಡ ಇತಿಹಾಸವೇ ಬಿಚ್ಚಿಕೊಳ್ತು. ಇದು ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ :-)

ತಾತ ಹೋಗಿದ್ದು ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಳಿಯ ತರಬೇತಿಗೆ. ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆ 1958ರಲ್ಲಿ ಶುರು ಮಾಡಿದ ಸಂಸ್ಥೆ, ಮುಖ್ಯ ಕಚೇರಿ ನಾಗಪುರ. ಬೆಂಗಳೂರಿನಲ್ಲೂ ಅದರ ಪ್ರಾದೇಶಿಕ ಕೇಂದ್ರ ಇತ್ತು. ಇದರ ಏರ್ಪಾಟು ನಮ್ಮ ಸಾಫ್ಟ್‌ವೇರ್ ತಲೆಗೆ ತಕ್ಷಣ ಅರ್ಥವಾಗುವಂಥದ್ದು, ಮೂರು ಲೇಯರ್. ಮೇಲೆ ಮಂಡಳಿಯೇ ನೇಮಿಸಿದ ಶಿಕ್ಷಣಾಧಿಕಾರಿಗಳು. ಅವರು ಬೇರೆ ಬೇರೆ ಕಾರ್ಖಾನೆ, ಡಿಪೋ, ಮಿಲ್ಲುಗಳಿಂದ ಬಂದ ಕಾರ್ಮಿಕರಿಗೆ ಮೂರು ತಿಂಗಳು ಪೂರ್ಣಾವಧಿ ಪಾಠ ಮಾಡುತ್ತಿದ್ದರು. ಹಾಗೆ ಕಲಿತವನು ‘ಕಾರ್ಮಿಕ ಶಿಕ್ಷಕ’. ಅವನು ವಾಪಸ್ ತನ್ನ ಜಾಗಕ್ಕೇ ಹೋಗಿ, ತನ್ನ ಜೊತೆ ಕೆಲಸ ಮಾಡುವವರಿಗೇ ತರಗತಿ ನಡೆಸಬೇಕು. ಕಾರ್ಮಿಕ ಶಿಕ್ಷಕನಾಗಲು ಹೆಸರು ಸೂಚಿಸುತ್ತಿದ್ದದ್ದು ಯೂನಿಯನ್ನು, ಸಂಬಳ ಸಮೇತ ಬಿಟ್ಟುಕೊಡುತ್ತಿದ್ದದ್ದು ಆಡಳಿತ. ಇಬ್ಬರೂ ಒಪ್ಪಿದರೆ ಮಾತ್ರ ಕೆಲಸ ಆಗುವ ವ್ಯವಸ್ಥೆ ಇದು. ಈ ಕಾಲದಲ್ಲಿ ಕೇಳೋಕೇ ವಿಚಿತ್ರ ಅನ್ಸುತ್ತೆ!

ಒಂದು ಸಣ್ಣ ವಿಷಯಾಂತರ. ಮಂಡಳಿ ಶುರುವಾದ ಅದೇ 1958ರಲ್ಲಿ ಬಿ.ಪಿ. ವಾಡಿಯಾ ತೀರಿಕೊಂಡರು. ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ನಿಮಗೆ ಗೊತ್ತಲ್ಲ, ಆ ಒಳ್ಳೇ ಲೈಬ್ರರಿ ಇರೋ ಜಾಗ? 1945ರಲ್ಲಿ ಅದನ್ನು ಕಟ್ಟಿದವರು ಅವರು ಮತ್ತು ಅವರ ಪತ್ನಿ ಸೋಫಿಯಾ. ಅದೇ ವಾಡಿಯಾ 1918ರಲ್ಲಿ ಮದ್ರಾಸಿನಲ್ಲಿ ಬಿನ್ನಿ ಕಂಪನಿಯ ಮಿಲ್ ಕಾರ್ಮಿಕರನ್ನು ಸೇರಿಸಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದವರು, ದೇಶದ ಮೊದಮೊದಲ ಸಂಘಟಿತ ಯೂನಿಯನ್ನು ಅದು. ಬಿನ್ನಿಯ ಇನ್ನೊಂದು ಮಿಲ್ಲು ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ಇತ್ತು, ಬಿನ್ನಿಪೇಟೆಗೆ ಹೆಸರು ಬಂದದ್ದೇ ಅದರಿಂದ. ಯೂನಿಯನ್ ಕಟ್ಟಿದ ಕೈಯೇ ಕೊನೆಗೆ ಲೈಬ್ರರಿ ಕಟ್ಟಿತು ಅನ್ನೋದು ನನಗೆ ಬರೀ ಕಾಕತಾಳೀಯ ಅನ್ನಿಸಲ್ಲ. ಇರಲಿ.

ಬಸ್ಸಿನ ಕಥೆಗೆ ಬರೋಣ. ಬೆಂಗಳೂರಿಗೆ ಸರಿಯಾದ ಸಿಟಿ ಬಸ್ ಕಂಪನಿ ಅಂತ ಬಂದದ್ದು 1940ರಲ್ಲಿ, ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ. ಖಾಸಗಿ. 1956ರಲ್ಲಿ ಸರ್ಕಾರ ವಹಿಸಿಕೊಂಡು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಮಾಡಿತು. ಅದೇ ಬಿಟಿಎಸ್. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿದಾಗ ಅದರೊಳಗೆ ಸೇರಿತು, 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಎಂಎಸ್‌ಆರ್‌ಟಿಸಿ ಹೋಗಿ ಕೆಎಸ್‌ಆರ್‌ಟಿಸಿ ಆಯ್ತು, 1997ರ ಆಗಸ್ಟ್ 15ಕ್ಕೆ ಬಿಎಂಟಿಸಿ ಅಂತ ಬೇರೆಯಾಯ್ತು. ಇಷ್ಟೆಲ್ಲ ಬೋರ್ಡು ಬದಲಾದರೂ ನಮ್ಮ ಏರಿಯಾದ ಅಜ್ಜಿಯರ ಬಾಯಲ್ಲಿ ಇವತ್ತಿಗೂ ಅದು ‘ಬಿಟಿಎಸ್ಸು’.

ರಾಜಾಜಿನಗರ, ವಿಜಯನಗರ, ಮಾಗಡಿ ರಸ್ತೆ, ಮೈಸೂರು ರಸ್ತೆ ಇವೆಲ್ಲ ಹುಟ್ಟಿನಿಂದಲೇ ಕಾರ್ಮಿಕರ ಬೆಂಗಳೂರು. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರಾಜಾಜಿನಗರದ ಕೈಗಾರಿಕಾ ಪ್ರದೇಶ, ಇಎಸ್‌ಐ ಆಸ್ಪತ್ರೆ, ಆಮೇಲೆ ಮೈಸೂರು ರಸ್ತೆಯಲ್ಲಿ ಬಿಎಚ್‌ಇಎಲ್, ಕೆಂಗೇರಿಯಲ್ಲಿ ಕೆಎಸ್‌ಆರ್‌ಟಿಸಿಯ ಪ್ರಾದೇಶಿಕ ಕಾರ್ಯಾಗಾರ. ಬಸ್ಸಿನ ಬಾಡಿ ಕಟ್ಟುವ ಜಾಗ ಅದು. ರಾಜಾಜಿನಗರದಲ್ಲಿ ನಾವು ‘ಭಾಷ್ಯಂ ಸರ್ಕಲ್ ಸ್ಟಾಪ್’ ಅಂತ ಇಳಿದು ಹೋಗ್ತೀವಲ್ಲ, ಆ ಭಾಷ್ಯಂ ಅಂದರೆ ಕೆ.ಟಿ. ಭಾಷ್ಯಂ. ಕಾರ್ಮಿಕರ ಜೊತೆ ನಿಂತು ಕೆಲಸ ಮಾಡಿದ ಸ್ವಾತಂತ್ರ್ಯ ಹೋರಾಟಗಾರರು, 1947ರಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದಲ್ಲಿ ಸಚಿವರಾದವರು. ಸ್ಟಾಪಿನ ಹೆಸರು ಕೂಗುವ ಕಂಡಕ್ಟರುಗಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ. ತಾತನ ತರಗತಿಯಲ್ಲಿ ಕೂತವರಿಗಂತೂ ಗೊತ್ತಿತ್ತು, ಯಾಕೆಂದರೆ ಅವರ ಮೊದಲನೇ ಪಾಠ ಅದೇ!

ಏನೇನು ಹೇಳಿಕೊಡ್ತಿದ್ರಿ ಅಂತ ಕೇಳಿದೆ. ಯೂನಿಯನ್ ಅಂದರೇನು, ಸಭೆ ನಡೆಸೋದು ಹೇಗೆ, ನಡಾವಳಿ ಬರೆಯೋದು ಹೇಗೆ, ಪಿಎಫ್ ಲೆಕ್ಕ, ಗ್ರ್ಯಾಚುಯಿಟಿ ಲೆಕ್ಕ, ಸೊಸೈಟಿ ಸಾಲದ ಬಡ್ಡಿ, ಅರ್ಜಿ ಬರೆಯೋದು. ಕೇಳಿದರೆ ಬಲು ಸಪ್ಪೆ. ಆದರೆ ಯೋಚಿಸಿ ನೋಡಿ, ಒಬ್ಬ ಡ್ರೈವರ್ ತನ್ನ ಸಂಬಳದ ಚೀಟಿಯಲ್ಲಿ ಯಾವ ಕಡಿತ ಯಾಕೆ ಆಗಿದೆ ಅಂತ ತಾನೇ ಓದಿ ತಿಳಿದುಕೊಳ್ಳೋದು ಸಣ್ಣ ವಿಷಯ ಏನಲ್ಲ. ನನ್ನ ಪೇಸ್ಲಿಪ್ಪಿನ ಎಲ್ಲ ಸಾಲು ನನಗೇ ಇನ್ನೂ ಅರ್ಥ ಆಗಲ್ಲ.

ಇನ್ನೊಂದು ಮುಖ್ಯ ಪಾಠ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಸತತ 5 ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಮಧ್ಯದ ಬಿಡುವೂ ಸೇರಿ ಒಟ್ಟು ದಿನ ಸಾಮಾನ್ಯವಾಗಿ 12 ಗಂಟೆ ಮೀರಬಾರದು. ಈ ಕೊನೆಯದ್ದಕ್ಕೆ ‘ಸ್ಪ್ರೆಡ್ ಓವರ್’ ಅಂತಾರೆ. ಬೆಳಗ್ಗೆ ಎರಡು ಟ್ರಿಪ್ಪು, ಸಂಜೆ ಎರಡು ಟ್ರಿಪ್ಪು, ಮಧ್ಯ ಡಿಪೋದಲ್ಲಿ ಬಿದ್ದಿರೋದು... ಆ ಬಿದ್ದಿರೋ ಹೊತ್ತು ಯಾರದ್ದು, ಕಂಪನಿಯದ್ದೋ ನನ್ನದೋ ಅನ್ನೋ ಪ್ರಶ್ನೆ. ತಾತನ ತರಗತಿ ನಡೆಯುತ್ತಿದ್ದದ್ದೂ ಅದೇ ಹೊತ್ತಿನಲ್ಲಿ, ರೆಸ್ಟ್ ರೂಮಿನ ಬೆಂಚುಗಳ ಮೇಲೆ. ಅರ್ಧ ಜನ ನಿದ್ದೆ ಹೊಡೀತಿದ್ರಂತೆ. “ಮಲಗಿದ್ದೋನನ್ನ ಎಬ್ಬಿಸ್ತಿರ್ಲಿಲ್ಲ. ಮಲಗೋ ಹಕ್ಕಿನ ಬಗ್ಗೆನೇ ಪಾಠ ಮಾಡ್ತಾ ಹೆಂಗೆ ಎಬ್ಬಿಸ್ಲಿ?”

ಈ ಮಂಡಳಿಯ ಬಗ್ಗೆ ಯೂನಿಯನ್ನುಗಳಿಗೆ ಸಂಪೂರ್ಣ ನಂಬಿಕೆ ಇತ್ತು ಅಂತ ತಿಳ್ಕೋಬೇಡಿ. ಸರ್ಕಾರ ದುಡ್ಡು ಕೊಟ್ಟು, ಸರ್ಕಾರದ ಅಧಿಕಾರಿ ಪಾಠ ಮಾಡಿದರೆ ಅದರಲ್ಲಿ ಮುಷ್ಕರದ ಅಧ್ಯಾಯ ಎಷ್ಟು ಪುಟ ಇರುತ್ತೆ? ‘ಶಿಸ್ತು, ಉತ್ಪಾದಕತೆ, ಜವಾಬ್ದಾರಿ’ ಎಷ್ಟು ಪುಟ ಇರುತ್ತೆ? ಈ ಗುಮಾನಿ ನ್ಯಾಯವಾದದ್ದೇ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅಧ್ಯಕ್ಷತೆಯ ರಾಷ್ಟ್ರೀಯ ಕಾರ್ಮಿಕ ಆಯೋಗ 1969ರಲ್ಲಿ ವರದಿ ಕೊಟ್ಟಾಗ, ಕಾರ್ಮಿಕ ಶಿಕ್ಷಣವನ್ನು ರೂಪಿಸಿ ನಡೆಸುವ ಕೆಲಸ ಯೂನಿಯನ್ನುಗಳ ಕೈಗೇ ಹೋಗಬೇಕು ಅನ್ನುವ ದಿಕ್ಕಿನಲ್ಲೇ ಶಿಫಾರಸು ಮಾಡಿತು. ಹೋಗಲಿಲ್ಲ. ಮಂಡಳಿ ಮಂಡಳಿಯಾಗಿಯೇ ಉಳಿಯಿತು. ಈಗ ಅದಕ್ಕೆ ಬಿಎಂಎಸ್ ಸ್ಥಾಪಕ ದತ್ತೋಪಂತ ಠೇಂಗಡಿಯವರ ಹೆಸರಿದೆ.

ನನ್ನ ಪ್ರಕಾರ ಬಸ್ ಕಾರ್ಮಿಕರ ನಿಜವಾದ ಕಾಲೇಜು ನಡೆದದ್ದು ಬೇರೆ ಕಡೆ. ಅದು ಇಲಾಖಾ ವಿಚಾರಣೆಯ ಕೋಣೆ.

ಕಂಡಕ್ಟರ್ ಕೆಲಸದ ಸ್ವಾರಸ್ಯ (ಅಥವಾ ಸಂಕಟ) ಏನಪ್ಪ ಅಂದರೆ, ಇಡೀ ದಿನ ಕೈಯಲ್ಲಿ ಬೇರೆಯವರ ದುಡ್ಡು. ಟಿಕೆಟ್ ಟ್ರೇ, ಚಿಲ್ಲರೆ ಬ್ಯಾಗು, ವೇಬಿಲ್ಲು. ಒಂದೊಂದು ಸ್ಟೇಜ್ ಬಂದಾಗಲೂ ಅಲ್ಲಿಯವರೆಗೆ ಯಾವ ಬೆಲೆಯ ಟಿಕೆಟ್ಟು ಎಷ್ಟನೇ ನಂಬರಿಗೆ ಮುಗಿದಿದೆ ಅಂತ ವೇಬಿಲ್ಲಿನಲ್ಲಿ ಬರೀಬೇಕು, ನಿಂತಿರೋ ಜನದ ಮಧ್ಯೆ, ಓಲಾಡೋ ಬಸ್ಸಿನಲ್ಲಿ. ಮಾರ್ಕೆಟ್ಟಿನಿಂದ ಸಿರ್ಸಿ ಸರ್ಕಲ್ಲಿಗೆ ಎಷ್ಟು ದೂರ ಹೇಳಿ? ಅಷ್ಟರಲ್ಲಿ 60 ಜನಕ್ಕೆ ಟಿಕೆಟ್ ಹರಿದು, ಚಿಲ್ಲರೆ ಕೊಟ್ಟು, ನಂಬರ್ ಬರೀಬೇಕು. ಅಷ್ಟರಲ್ಲಿ ಚೆಕಿಂಗ್‌ನವರು ಹತ್ತಿ ಟಿಕೆಟ್ ಇಲ್ಲದ ಇಬ್ಬರನ್ನು ಹಿಡಿದರೆ ಅಲ್ಲೇ ಅಫೆನ್ಸ್ ಮೆಮೊ. ಆಮೇಲೆ ಚಾರ್ಜ್‌ಶೀಟು, ವಿಚಾರಣೆ, ಷೋಕಾಸ್ ನೋಟಿಸು. ಕೊನೆಗೆ ವಜಾ ಕೂಡ ಆಗಬಹುದು. ಎರಡು ಟಿಕೆಟ್ಟಿನ ದುಡ್ಡಿಗೆ ಇಪ್ಪತ್ತು ವರ್ಷದ ಸರ್ವಿಸು.

(ಎಲ್ಲ ಕಂಡಕ್ಟರೂ ಹರಿಶ್ಚಂದ್ರ ಅಂತ ನಾನು ಹೇಳ್ತಿಲ್ಲ. ತಾತನೂ ಹೇಳಲ್ಲ. “ಕದ್ದೋನಿಗೂ ವಿಚಾರಣೆ ಸರಿಯಾಗಿ ಆಗ್ಬೇಕು, ಇಲ್ದಿದ್ರೆ ಕದೀದೋನಿಗೂ ಆಗಲ್ಲ” ಅಂತಾರೆ.)

ನಿಗಮದ ನೌಕರರಿಗೆ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ ಇದೆ. ಅದರ ಪ್ರಕಾರ ವಿಚಾರಣೆ ಎದುರಿಸುವ ನೌಕರ ವಕೀಲರ ಬದಲು ತನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ನೌಕರನ ಸಹಾಯ ಪಡೆದುಕೊಳ್ಳಬಹುದು. ಈ ಸಣ್ಣ ಅವಕಾಶವೇ ಸಾಕಾಯ್ತು ನೋಡಿ. ಪ್ರತಿ ಡಿಪೋದಲ್ಲೂ ಒಬ್ಬಿಬ್ಬರು ‘ಕೇಸ್ ನಡೆಸೋರು’ ತಯಾರಾದರು. ಎಸ್ಸೆಸ್ಸೆಲ್ಸಿ ಓದಿದ ಕಂಡಕ್ಟರು, ಏಳನೇ ಕ್ಲಾಸಿನ ಮೆಕ್ಯಾನಿಕ್ಕು, ಇವರು ಪಾಟೀಸವಾಲು ಮಾಡಲು ಕಲಿತರು. ಸಾಕ್ಷಿ ಹೇಳುವ ಚೆಕಿಂಗ್ ಇನ್ಸ್‌ಪೆಕ್ಟರಿಗೆ ಏನು ಕೇಳಬೇಕು? ಬಸ್ಸು ಹತ್ತಿದಾಗ ಎಷ್ಟು ಜನ ನಿಂತಿದ್ದರು? ಹಿಂದಿನ ಸ್ಟೇಜಿನಿಂದ ಎಷ್ಟು ನಿಮಿಷ ಆಗಿತ್ತು? ಬ್ಯಾಗಿನ ದುಡ್ಡು ಎಣಿಸಿದ್ದೀರಾ? ಎಣಿಸಿದ್ದರೆ ಹೆಚ್ಚಿತ್ತೋ ಕಡಿಮೆ ಇತ್ತೋ? ದುಡ್ಡು ತಗೊಂಡು ಟಿಕೆಟ್ ಕೊಡದೆ ಇದ್ದರೆ ಬ್ಯಾಗಿನಲ್ಲಿ ಹೆಚ್ಚಿರಬೇಕಲ್ಲ? ನಾವು ಕೋಡ್‌ನಲ್ಲಿ ಬಗ್ ಹುಡುಕೋದೂ ಹೀಗೇ ಅಲ್ವಾ, ಲಾಗ್ ಒಂದು ಹೇಳುತ್ತೆ, ಸ್ಟೇಟ್ ಇನ್ನೊಂದು ಹೇಳುತ್ತೆ.

ಕಾನೂನು ಬದಲಾದ ಹಾಗೆ ಪಾಠವೂ ಬದಲಾಗ್ತಾ ಹೋಯ್ತು. 1971ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ 11-ಎ ಅನ್ನೋ ಸೆಕ್ಷನ್ ಸೇರಿತು. ತಪ್ಪು ನಿಜವೇ ಆದರೂ ಶಿಕ್ಷೆ ಅತಿಯಾಯ್ತು ಅನ್ನಿಸಿದರೆ ಲೇಬರ್ ಕೋರ್ಟು ಅದನ್ನು ಬದಲಾಯಿಸಬಹುದು. ಎರಡು ಟಿಕೆಟ್ಟಿಗೆ ವಜಾ ಅನ್ನುವವರಿಗೆ ಇದು ದೊಡ್ಡ ಆಸರೆ. ಆದರೆ 1977ರಲ್ಲಿ ಹರಿಯಾಣದ ಬಸ್ ಕಂಡಕ್ಟರೊಬ್ಬರ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇನ್ನೊಂದು ಮಾತು ಹೇಳಿದರು. ಇಲಾಖಾ ವಿಚಾರಣೆಗೆ ಕೋರ್ಟಿನ ಸಾಕ್ಷ್ಯದ ಬಿಗಿ ನಿಯಮಗಳು ಬೇಡ, ಟಿಕೆಟ್ ಇಲ್ಲದ ಪ್ರಯಾಣಿಕರನ್ನೇ ಕರೆತಂದು ಸಾಕ್ಷಿ ಹೇಳಿಸಬೇಕು ಅಂತಲೂ ಇಲ್ಲ, ನಂಬಬಹುದಾದ ಒಂದಿಷ್ಟು ಆಧಾರ ಇದ್ದರೆ ಸಾಕು. ಕಾರ್ಮಿಕರ ಪರ ಅಂತ ಹೆಸರಾದ ನ್ಯಾಯಮೂರ್ತಿಗಳೇ ಹೀಗೆ ಹೇಳಿದ್ದು! ಅಲ್ಲಿಂದ “ಪ್ಯಾಸೆಂಜರ್‌ನ ಕರೆಸಿ” ಅನ್ನೋ ಹಳೇ ವಾದಕ್ಕೆ ಬೆಲೆ ಹೋಯ್ತು. ಡಿಪೋ ವಕೀಲರು ಹೊಸ ವಾದ ಕಲಿಯಬೇಕಾಯ್ತು. ಆಗಲೇ ಬಂದದ್ದು ಮೇಲೆ ಹೇಳಿದ ದೂರ, ಸಮಯ, ನಗದು ಲೆಕ್ಕ.

ನಮ್ಮ ಕೆಎಸ್‌ಆರ್‌ಟಿಸಿಯದ್ದೇ ಒಂದು ಪ್ರಕರಣ 2001ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯ್ತು. ಇಲಾಖಾ ವಿಚಾರಣೆ ಸರಿಯಿಲ್ಲ ಅಂತಾದರೆ ಆಡಳಿತಕ್ಕೆ ಕೋರ್ಟಿನಲ್ಲಿ ಹೊಸದಾಗಿ ಸಾಕ್ಷ್ಯ ಕೊಡುವ ಅವಕಾಶ ಉಂಟಾ, ಇದ್ದರೆ ಅದನ್ನು ಯಾವಾಗ ಕೇಳಬೇಕು ಅನ್ನೋದು ಪ್ರಶ್ನೆ. ಶುರುವಿನಲ್ಲೇ ಕೇಳಬೇಕು ಅಂತ ತೀರ್ಪಾಯ್ತು. ಇವತ್ತು ದೇಶದ ಕಾರ್ಮಿಕ ಕಾನೂನಿನ ಪುಸ್ತಕಗಳಲ್ಲೆಲ್ಲ ಆ ತೀರ್ಪಿದೆ. ಅಂಥ ಕೇಸುಗಳು ಆಕಾಶದಿಂದ ಉದುರೋದಿಲ್ಲ. ಯಾವುದೋ ಡಿಪೋದಲ್ಲಿ ಯಾರೋ ಒಬ್ಬ “ವಿಚಾರಣೆ ಸರಿಯಾಗಿ ಆಗಿಲ್ಲ” ಅಂತ ಅರ್ಜಿ ಬರೆಯುವ ಧೈರ್ಯ ಮಾಡಿರ್ತಾನೆ.

ತಾತನ ಒಂದು ನೋಟ್‌ಬುಕ್ ಇದೆ. ಒಂದು ಬದಿಯಿಂದ ಮನೆ ಲೆಕ್ಕ, ಇನ್ನೊಂದು ಬದಿಯಿಂದ ಸೆಕ್ಷನ್ನುಗಳು. ಇಂಗ್ಲಿಷ್ ಪದ, ಅದರ ಉಚ್ಚಾರ ಕನ್ನಡದಲ್ಲಿ, ಆಮೇಲೆ ಅರ್ಥ. ‘ಮಿಸ್‌ಕಾಂಡಕ್ಟ್’ ಅಂತ ಬರೆದು ಮುಂದೆ “ದುರ್ನಡತೆ. (ಕಂಡಕ್ಟರಿಗೂ ಇದಕ್ಕೂ ಸಂಬಂಧವಿಲ್ಲ)” ಅಂತ ಬರೆದಿದ್ದಾರೆ. ಕ್ಲಾಸಿನಲ್ಲಿ ನಗಿಸೋಕೆ ಇಟ್ಟುಕೊಂಡಿದ್ದ ಜೋಕಂತೆ.

ಹೊರದೇಶದ ಕಡೆ ಸ್ವಲ್ಪ ನೋಡೋಣ, ಯಾಕೆಂದರೆ ಈ ಯೋಚನೆ ಅಲ್ಲಿ ಬೇರೆ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿ ದುಡಿಯುವವರಿಗಾಗಿಯೇ ಆಕ್ಸ್‌ಫರ್ಡಿನಲ್ಲಿ 1899ರಲ್ಲಿ ರಸ್ಕಿನ್ ಕಾಲೇಜು ಶುರುವಾಯ್ತು, 1903ರಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಡ್ಜ್ ಕಾರ್ಮಿಕರ ಶಿಕ್ಷಣ ಸಂಘ ಕಟ್ಟಿದರು. 1909ರಲ್ಲಿ ರಸ್ಕಿನ್ ವಿದ್ಯಾರ್ಥಿಗಳೇ ಮುಷ್ಕರ ಹೂಡಿದರು. ವಿಷಯ ಅದೇ ಹಳೇದು, ಕಾರ್ಮಿಕನಿಗೆ ಏನು ಕಲಿಸಬೇಕು ಅಂತ ತೀರ್ಮಾನಿಸೋರು ಯಾರು? ಅಲ್ಲಿಂದ ಸುಮಾರು ಒಂದು ಶತಮಾನ ಆದಮೇಲೆ, 1998ರಲ್ಲಿ ಅಲ್ಲಿನ ಸರ್ಕಾರ ಯೂನಿಯನ್ ಮೂಲಕ ಕಲಿಕೆಗೆ ಒಂದು ನಿಧಿ ಇಟ್ಟಿತು. 2002ರ ಕಾನೂನಿನಲ್ಲಿ ‘ಯೂನಿಯನ್ ಲರ್ನಿಂಗ್ ರೆಪ್ರೆಸೆಂಟೇಟಿವ್’ ಅನ್ನೋ ಹೊಸ ಹುದ್ದೆಗೆ ಮಾನ್ಯತೆ ಸಿಕ್ಕಿತು. ಜೊತೆ ಕೆಲಸಗಾರರಿಗೆ ಏನು ಕಲಿಯಬೇಕಾಗಿದೆ ಅಂತ ವಿಚಾರಿಸೋದು, ಕೋರ್ಸಿಗೆ ಸೇರಿಸೋದು ಅವನ ಕೆಲಸ, ಅದಕ್ಕೆ ಸಂಬಳ ಸಹಿತ ಬಿಡುವು. ಓದು ಬರಹ ಸರಿಯಾಗಿ ಬಾರದವನು ಅದನ್ನು ಮ್ಯಾನೇಜರ್ ಹತ್ತಿರ ಹೇಳಿಕೊಳ್ಳಲ್ಲ, ಪಕ್ಕದ ಸೀಟಿನ ಗೆಳೆಯನ ಹತ್ತಿರ ಹೇಳಿಕೊಳ್ತಾನೆ. ಇಡೀ ಯೋಜನೆ ನಿಂತಿದ್ದೇ ಈ ಸರಳ ಸತ್ಯದ ಮೇಲೆ. ಇಂಗ್ಲೆಂಡಿನ ಆ ನಿಧಿಯನ್ನು 2021ರಲ್ಲಿ ಸರ್ಕಾರ ನಿಲ್ಲಿಸಿತು.

ಗೆಳೆಯ ಅಂದಾಗ ನೆನಪಾಯ್ತು. ಬಸ್ ಕಾರ್ಮಿಕನೊಬ್ಬ ಓದಲು ಹೋದ ಅತ್ಯಂತ ಪ್ರಸಿದ್ಧ ಉದಾಹರಣೆ ನಮ್ಮ ಬಿಟಿಎಸ್ಸಿನದ್ದೇ. ಶಿವಾಜಿ ರಾವ್ ಗಾಯಕ್ವಾಡ್ ಅನ್ನೋ ಕಂಡಕ್ಟರು ಮದ್ರಾಸಿನ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿದಾಗ ಬೆನ್ನಿಗೆ ನಿಂತು ದುಡ್ಡು ಕೊಟ್ಟವರು ಡ್ರೈವರ್ ರಾಜ್ ಬಹದ್ದೂರ್. ಮುಂದಿನ ಕಥೆ ನಿಮಗೆ ಗೊತ್ತೇ ಇದೆ, ಆ ಕಂಡಕ್ಟರ್ ರಜನೀಕಾಂತ್ ಆದರು. ಅಲ್ಲಿ ಯೂನಿಯನ್ನೂ ಇಲ್ಲ, ಮಂಡಳಿಯೂ ಇಲ್ಲ, ಒಬ್ಬ ಡ್ರೈವರಿನ ಸಂಬಳ ಮಾತ್ರ.

ಇನ್ನು ಇತ್ತೀಚಿನ ಕಾಲ. ಆಡಳಿತ ತರಬೇತಿ ಕೊಡೋದಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 2006ರಲ್ಲಿ ವೋಲ್ವೋ ಬಸ್ಸು ಬಂದಾಗ ಅದನ್ನು ಓಡಿಸೋದು ಕಲಿಸಿದರು. 2016ರಲ್ಲಿ ಟಿಕೆಟ್ ಯಂತ್ರ, ಜಿಪಿಎಸ್ ಎಲ್ಲ ಸೇರಿದ ವ್ಯವಸ್ಥೆ ಬಂದಾಗ ಯಂತ್ರ ಒತ್ತೋದು ಕಲಿಸಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಮಹಿಳೆಯರಿಗೆ ಶೂನ್ಯ ಟಿಕೆಟ್ ಕೊಡೋದನ್ನೂ ಕಲಿತರು. ಆದರೆ ಇದೆಲ್ಲ ನಮ್ಮ ಆಫೀಸಿನ ವಿಡಿಯೋ ಥರದ್ದು, ಮೇಲಿನಿಂದ ಬಂದ ಪಾಠ. ಯಂತ್ರ ಹೇಗೆ ಒತ್ತಬೇಕು ಅಂತ ಹೇಳುತ್ತೆ, ಯಂತ್ರ ಕೆಟ್ಟಾಗ ಚೆಕಿಂಗ್‌ನವರು ಹತ್ತಿದರೆ ಏನು ಬರೆದುಕೊಡಬೇಕು ಅಂತ ಹೇಳಲ್ಲ. ಅದನ್ನು ಹೇಳೋನು ಮೇಷ್ಟ್ರು.

ಮತ್ತು ಮೇಷ್ಟ್ರುಗಳ ಸಂಖ್ಯೆ ಕಡಿಮೆಯಾಗ್ತಿದೆ. 2021ರ ಏಪ್ರಿಲ್ 7ರಂದು ಆರನೇ ವೇತನ ಆಯೋಗದ ಸಂಬಳ ಕೊಡಿ ಅಂತ ಶುರುವಾದ ಮುಷ್ಕರ ಎರಡು ವಾರ ನಡೆಯಿತು. ವಜಾ, ಅಮಾನತು, ವರ್ಗಾವಣೆ ಎಲ್ಲ ಆಯ್ತು, ಆಮೇಲೆ ಹಲವರು ವಾಪಸ್ ಬಂದರು. ಆಗ ಚಾರ್ಜ್‌ಶೀಟು ಕೈಯಲ್ಲಿ ಹಿಡಿದುಕೊಂಡು ತಾತನನ್ನು ಹುಡುಕಿಕೊಂಡು ಮನೆಗೆ ಬಂದ ಹುಡುಗರನ್ನು ನಾನೇ ನೋಡಿದ್ದೇನೆ. ಡಿಗ್ರಿ ಓದಿದವರು, ಫೋನಿನಲ್ಲಿ ಎಲ್ಲ ಸಿಗುತ್ತೆ, ಆದರೂ ಉತ್ತರದ ಮೊದಲನೇ ಸಾಲು ಹೇಗೆ ಬರೆಯಬೇಕು ಅಂತ ಗೊತ್ತಿಲ್ಲ. ತಾತ ಒಬ್ಬೊಬ್ಬರಿಗೂ ಹೇಳಿ ಬರೆಸಲಿಲ್ಲ. ವರಾಂಡದಲ್ಲಿ ಕೂರಿಸಿ, “ಮೊದ್ಲು ಚಾರ್ಜ್‌ಶೀಟ್ ಜೋರಾಗಿ ಓದು. ಏನು ಅರ್ಥ ಆಯ್ತು ಹೇಳು” ಅಂತ ಶುರು ಮಾಡಿದರು.

2021ರ ಡಿಸೆಂಬರಿನಲ್ಲಿ ಇನ್ನೊಂದು ಬದಲಾವಣೆ ಬಂತು, ಅದೂ ನಮ್ಮ ಪಶ್ಚಿಮದಿಂದಲೇ. ಆ ವರ್ಷದ ಆಗಸ್ಟಿನಲ್ಲಿ ನೇರಳೆ ಮೆಟ್ರೋ ಕೆಂಗೇರಿ ಮುಟ್ಟಿತ್ತು. ಅಲ್ಲಿಂದ ಫೀಡರ್ ಆಗಿ ಬಿಎಂಟಿಸಿಯ ಮೊದಲ ವಿದ್ಯುತ್ ಬಸ್ಸುಗಳು ಹೊರಟವು. ಒಟ್ಟು 90 ಬಸ್ಸು, 9 ಮೀಟರಿನವು; ಕೆಂಗೇರಿ, ಯಶವಂತಪುರ, ಕೆ.ಆರ್. ಪುರ ಡಿಪೋಗಳಿಗೆ. ಆಮೇಲೆ ಇನ್ನೂ ದೊಡ್ಡ ಸಂಖ್ಯೆಯಲ್ಲಿ ಬೇರೆ ಕಂಪನಿಗಳ ಬಸ್ಸುಗಳೂ ಬಂದವು. ಹೊಗೆ ಇಲ್ಲ, ಸದ್ದಿಲ್ಲ, ನನಗೂ ಇಷ್ಟ. ಆದರೆ ಒಪ್ಪಂದ ನೋಡಿ. ಬಸ್ಸು ಕಂಪನಿಯದ್ದು, ಡ್ರೈವರ್ ಕಂಪನಿಯವನು, ರಿಪೇರಿ ಕಂಪನಿಯದ್ದು. ಬಿಎಂಟಿಸಿ ಕಿಲೋಮೀಟರಿಗೆ ಇಷ್ಟು ಅಂತ ದುಡ್ಡು ಕೊಡುತ್ತೆ, ಕಂಡಕ್ಟರನ್ನು ಮಾತ್ರ ಕಳಿಸುತ್ತೆ.

ಇದರ ಅರ್ಥ ಏನು ಗೊತ್ತಾ? ಡೀಸೆಲ್ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಡಿಪೋ ಮೆಕ್ಯಾನಿಕ್ಕಿಗೆ ಬ್ಯಾಟರಿ ಬಸ್ಸಿನ ಮುಚ್ಚಳ ತೆಗೆಯುವ ಅಧಿಕಾರವೇ ಇಲ್ಲ. ಮುಂದಿನ ಇಪ್ಪತ್ತು ವರ್ಷದ ವಿದ್ಯೆ ಅವನ ಡಿಪೋದೊಳಗೇ ನಿಂತಿದೆ, ಚಾರ್ಜ್ ಆಗ್ತಿದೆ, ಅವನಿಗೆ ಸೇರಿದ್ದಲ್ಲ. ಆ ಬಸ್ಸಿನ ಡ್ರೈವರಿಗೋ, ಕೈಯಲ್ಲಿ ಸ್ಟೇರಿಂಗ್ ಇದೆ, ನಿಗಮದ ನಿಯಮಾವಳಿ ಇಲ್ಲ. ಒಂದೇ ಬಸ್ಸಿನಲ್ಲಿ ಹೋಗುವ ಕಂಡಕ್ಟರಿಗೂ ಡ್ರೈವರಿಗೂ ಬೇರೆ ಬೇರೆ ಯಜಮಾನ. ಕಂಡಕ್ಟರಿಗೆ ಮೆಮೊ ಬಂದರೆ ಡ್ರೈವರ್ ‘ಜೊತೆ ನೌಕರ’ ಅಂತ ಪಕ್ಕದಲ್ಲಿ ಕೂರುವ ಹಾಗಿಲ್ಲ.

ಇದರ ಮೇಲೆ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1947ರ ಕೈಗಾರಿಕಾ ವಿವಾದ ಕಾಯ್ದೆ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಎರಡೂ ಹೊಸ ಸಂಹಿತೆಗಳೊಳಗೆ ಕರಗಿದವು. 11-ಎ ಅಂತ ಬಾಯಿಪಾಠ ಮಾಡಿದ್ದವರಿಗೆಲ್ಲ ನಂಬರು ಬದಲಾಯ್ತು. ಒಂದೇ ಕಡೆ ಹಲವು ಯೂನಿಯನ್ ಇದ್ದರೆ, 51 ಪರ್ಸೆಂಟ್ ಕಾರ್ಮಿಕರ ಬೆಂಬಲ ಇರುವ ಯೂನಿಯನ್ನಿಗೆ ಮಾತ್ರ ಏಕೈಕ ಸಂಧಾನಕಾರ ಅನ್ನೋ ಪಟ್ಟ. ಬಸ್ ನಿಗಮಗಳಲ್ಲಿ ಎಐಟಿಯುಸಿ ಕಡೆಯ ಫೆಡರೇಶನ್ನು, ಸಿಐಟಿಯು ಕಡೆಯದ್ದು, ಇನ್ನೂ ಎಷ್ಟೋ. ಈ ಹೊಸ ಲೆಕ್ಕವನ್ನು ರೆಸ್ಟ್ ರೂಮಿನ ಬೆಂಚಿನ ಮೇಲೆ ಕೂರಿಸಿ ಯಾರು ಹೇಳಿಕೊಡ್ತಾರೆ?

ತಾತನ ನೋಟ್‌ಬುಕ್ಕಿನ ಪುಟಗಳನ್ನು ನಾನು ಸ್ಕ್ಯಾನ್ ಮಾಡಲು ಶುರು ಮಾಡಿದ್ದೇನೆ. ಪಕ್ಕದಲ್ಲಿ ಹೊಸ ಸೆಕ್ಷನ್ ನಂಬರುಗಳನ್ನು ತಾತ ಪೆನ್ಸಿಲಿನಲ್ಲಿ ಬರೀತಿದ್ದಾರೆ. ಪೆನ್ನಲ್ಲಿ ಬರೀರಿ ಅಂದರೆ “ಇರ್ಲಿ, ಮತ್ತೆ ಬದಲಾಯಿಸ್ತಾರೆ” ಅಂತಾರೆ. ನಿಮ್ಮ ಮನೆಯಲ್ಲೂ ಯಾರಾದರೂ ಬಿಟಿಎಸ್ಸಿನಲ್ಲೋ, ಬಿನ್ನಿ ಮಿಲ್ಲಿನಲ್ಲೋ, ಕೆಂಗೇರಿ ವರ್ಕ್‌ಶಾಪಿನಲ್ಲೋ ಕೆಲಸ ಮಾಡಿದ್ದರೆ ಅಟ್ಟದ ಮೇಲಿನ ಟ್ರಂಕು ಒಂದು ಸಲ ತೆಗೆದು ನೋಡಿ. ಕಾರ್ಮಿಕ ಶಿಕ್ಷಣದ ಸರ್ಟಿಫಿಕೇಟು, ತರಗತಿಯ ಗ್ರೂಪ್ ಫೋಟೋ, ಸೈಕ್ಲೋಸ್ಟೈಲ್ ಮಾಡಿದ ಪಾಠದ ಹಾಳೆ, ಏನಿದ್ದರೂ ಎಸೀಬೇಡಿ, ನನಗೆ ತಿಳಿಸಿ. ಹಳೇ ವೇಬಿಲ್ ಸಿಕ್ಕರೆ ಹಿಂದುಗಡೆಯನ್ನೂ ತಿರುಗಿಸಿ ನೋಡಿ. ತಾತ ಪಾಠದ ಟಿಪ್ಪಣಿ ಬರೆದುಕೊಳ್ಳುತ್ತಿದ್ದದ್ದು ಅಲ್ಲೇ.